ಟೇಸ್ಟಿಂಗ್ ಪೌಡರ್ ಮೇಷ್ಟ್ರು

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಕಾರಣದ ಸಮೇತ. ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನು ಬಂತು. ಮಾಡಿದವರು ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು.

"ಸಾರ್, ವಿಷ್ಯ ಗೊತ್ತಾಯ್ತಾ? ನಿಮ್ಮ ಕೆಮಿಸ್ಟ್ರಿಯೋರು ಹೋಗ್ಬಿಟ್ರಂತೆ, ಮೊಳಕಾಲ್ಮೂರಲ್ಲಿ. ಹಾರ್ಟು ಅಂತಾರೆ. ಎಲ್ಲೀ ಹಾರ್ಟು, ಆ ಪುಡಿ ತಿಂದಿದ್ದಲ್ವಾ?"

ಬಾಯಲ್ಲಿದ್ದ ಪೇಸ್ಟು ಉಗಿದು, "ಯಾವ ಪುಡಿ ಸಾರ್? ಆರು ವರ್ಷದ ಹಿಂದೆ ಸಭೇಲಿ ಒಂದು ಚಮಚ ತಿಂದಿದ್ದಾ?" ಎಂದೆ.

"ಒಳಗೇ ಇರ್ತೈತೆ ಸಾರ್ ಅದು. ನಿಧಾನಕ್ಕೆ ಕೆಲ್ಸ ಮಾಡ್ತೈತೆ" ಎಂದರು. ಸಾವಿನ ಸುದ್ದಿ ಹೇಳುವವರ ದನಿಯಲ್ಲಿ ಸುಳ್ಳಿಗಾದರೂ ಸ್ವಲ್ಪ ಭಾರ ಇರುತ್ತದೆ. ಇವರ ದನಿಯಲ್ಲಿ ಅದೂ ಇರಲಿಲ್ಲ. ಬಹಳ ಕಾಲ ಎಳೆದಾಡಿದ ಕೋರ್ಟು ಕೇಸು ಗೆದ್ದವರ ಸಮಾಧಾನ ಇತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಚಳ್ಳಕೆರೆಗೆ ಅವರ ಹೆಸರು ಬೇಕಾಗಿಯೂ ಇರಲಿಲ್ಲ. ಬಂದ ಹೊಸದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಎನ್ನುತ್ತಿದ್ದರು, ಆಮೇಲೆ ಟೇಸ್ಟಿಂಗ್ ಪೌಡರ್ ಮೇಷ್ಟ್ರು ಎಂದರು. ಹುಡುಗರು ಇನ್ನೂ ಚಿಕ್ಕದು ಮಾಡಿ ಪುಡಿ ಮೇಷ್ಟ್ರು ಎಂದರು. ಮೂರೂ ಅವರಿಗೆ ಗೊತ್ತಿತ್ತು. ಯಾವುದಕ್ಕೂ ಬೇಜಾರು ಮಾಡಿಕೊಂಡದ್ದನ್ನು ನಾನು ಕಾಣೆ.

ನಮ್ಮ ಪದವಿಪೂರ್ವ ಕಾಲೇಜಿಗೆ ಅವರು ಬಂದದ್ದು ತೊಂಬತ್ತರ ದಶಕದ ನಡುವೆ. ನಾನು ಕನ್ನಡ ಹೇಳುತ್ತಿದ್ದೆ. ಅವರು ಮೊಳಕಾಲ್ಮೂರು ಕಡೆಯವರು. ಮನೆಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ, ಸಿಟ್ಟು ಬಂದರೆ ಎಲ್ಲಿದ್ದರೂ ತೆಲುಗು. ಕುಳ್ಳಗಿದ್ದರು. ತುಂಬುತೋಳಿನ ಅಂಗಿಯ ಮುಂಗೈ ಹತ್ತಿರ ಆಸಿಡ್ ಸಿಡಿದ ಸಣ್ಣ ಸಣ್ಣ ತೂತುಗಳು. ಲ್ಯಾಬು ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ಕೊಳೆತ ಮೊಟ್ಟೆಯ ವಾಸನೆಯೂ ಅವರ ಜೊತೆ ಒಳಗೆ ಬರುತ್ತಿತ್ತು. ಮಾತಾಡುವಾಗ ಎದುರಿದ್ದವರ ಮುಖ ನೋಡುತ್ತಿರಲಿಲ್ಲ, ಅಂಗಿಯ ಎರಡನೇ ಗುಂಡಿ ನೋಡುತ್ತಿದ್ದರು. ಹೆಂಗಸರ ಜೊತೆ ಮಾತಾಡುವಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಸೂರು ನೋಡುತ್ತಿದ್ದರು.

ಅವರ ಹತ್ತಿರ ಒಂದು ಪ್ರಶ್ನೆ ಇತ್ತು. ಯಾರು ಏನು ಹೇಳಿದರೂ ಅದೊಂದನ್ನೇ ಕೇಳುತ್ತಿದ್ದರು. ಸಮಾಜಶಾಸ್ತ್ರದ ಮೇಡಂ ಒಮ್ಮೆ, ಮಗುವಿಗೆ ದೊಡ್ಡಪತ್ರೆ ರಸ ಕೊಟ್ಟೆ, ವಾರದಲ್ಲಿ ಕೆಮ್ಮು ಹೋಯಿತು ಎಂದರು. ಇವರು ಸೂರು ನೋಡುತ್ತಾ, "ಕೊಡದೇ ಇದ್ದಿದ್ರೆ?" ಎಂದರು. ಮೇಡಂ ಊಟದ ಡಬ್ಬಿ ಮುಚ್ಚಿಕೊಂಡು ಎದ್ದು ಹೋದರು. ಪ್ರಾಂಶುಪಾಲರು ಜಟಿಂಗ ರಾಮೇಶ್ವರನಿಗೆ ಹರಕೆ ಹೊತ್ತು ಬೆಟ್ಟ ಹತ್ತಿ ಬಂದ ಮೇಲೆ ಮಂಡಿನೋವು ಮಾಯವಾಯಿತು ಎಂದಾಗಲೂ ಸುಮ್ಮನಿರಲಿಲ್ಲ. "ಹರಕೆ ಹೊರದೇ ಇದ್ದೋರಲ್ಲಿ ಎಷ್ಟು ಜನಕ್ಕೆ ಹೋಗೈತೆ ಸಾರ್, ಕೇಳಿದ್ರಾ?" ಎಂದರು. ನನ್ನನ್ನೂ ಬಿಡಲಿಲ್ಲ. ಪದ್ಯವನ್ನು ರಾಗವಾಗಿ ಹಾಡಿ ಹೇಳುವುದರಿಂದ ನನ್ನ ಹುಡುಗರಿಗೆ ಒಳ್ಳೆಯ ಅಂಕ ಬರುತ್ತದೆ ಎಂದು ಜಂಬ ಕೊಚ್ಚಿದ್ದೆ. "ನೀವು ಹಾಡದೇ ಇರೋ ಸೆಕ್ಷನ್ನಲ್ಲಿ?" ಎಂದರು. ಕೆಲವು ದಿನ ಮಾತು ಬಿಟ್ಟೆ. ಆಮೇಲೆ ಕುತೂಹಲ ತಡೆಯದೆ ತೆಗೆದು ನೋಡಿದರೆ ಆ ಸೆಕ್ಷನ್ನಿನ ಹುಡುಗರಿಗೇ ಒಂದು ಕೈ ಮೇಲೆ ಬಂದಿತ್ತು. ಹಾಗೆ ನಾವು ಸ್ನೇಹಿತರಾದೆವು.

ಇಂಥವರ ಜೊತೆ ಬದುಕುವುದು ಸುಲಭವಲ್ಲ. ನಾವೆಲ್ಲ ಬದುಕುವುದು ಅರ್ಧ ನಂಬಿಕೆ, ಅರ್ಧ ದಾಕ್ಷಿಣ್ಯದ ಮೇಲೆ. ಇವರಿಗೆ ಎರಡೂ ಇರಲಿಲ್ಲ. ಅವರ ಹೆಂಡತಿ ಒಮ್ಮೆ ನನ್ನೆದುರಿಗೇ, "ಸಾರು ಚೆನ್ನಾಗೈತೆ ಅಂತ ಒಂದಿನ ಅಂದಿದ್ರೆ ಕೇಳ್ರಿ ಸಾರ್. ನಿನ್ನೆದಕ್ಕಿಂತ ಉಪ್ಪು ಜಾಸ್ತಿ ಅಂತಾರೆ, ಮೊನ್ನೆದಕ್ಕಿಂತ ಹುಳಿ ಕಮ್ಮಿ ಅಂತಾರೆ" ಎಂದಿದ್ದರು. ಅವರು ಗಂಭೀರವಾಗಿ, "ಹೌದಲ್ವಾ, ಹೋಲಿಸ್ದೇ ಹೆಂಗೆ ಹೇಳೋದು?" ಎಂದರು.

ಗೋಬಿ ಮಂಚೂರಿ ನಮ್ಮ ಊರಿಗೆ ಬಂದದ್ದು ಆ ದಶಕ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೂ ಸಂಜೆಯ ಬಾಯಿಚಪಲಕ್ಕೆ ಮಂಡಕ್ಕಿ ಮೆಣಸಿನಕಾಯಿಯೇ ಗತಿ. ಬಸ್ ಸ್ಟ್ಯಾಂಡಿನ ಎದುರು ದಾದಾಪೀರ್ ಗಾಡಿ ಹಾಕಿದ. ಮೊದಲು ಲಾರಿ ಗ್ಯಾರೇಜಿನಲ್ಲಿದ್ದವನು. ಜಾಕು ಜಾರಿ ಬೆನ್ನಿಗೆ ಪೆಟ್ಟಾದ ಮೇಲೆ ದಾವಣಗೆರೆಗೆ ಹೋಗಿ ಈ ಕೆಲಸ ಕಲಿತು ಬಂದಿದ್ದ. ಹೆಸರಿಗೆ ಗೋಬಿ, ಹಾಕುತ್ತಿದ್ದದ್ದು ಎಲೆಕೋಸು. ಕೆಂಪು ಎಂದರೆ ಕಣ್ಣು ಕುಕ್ಕುವ ಕೆಂಪು. ಎಲ್ಲ ಮುಗಿದ ಮೇಲೆ ಒಂದು ಡಬ್ಬಿ ತೆರೆದು ಬಿಳಿ ಹರಳಿನ ಪುಡಿಯನ್ನು ಚಿಟಿಕೆಯಷ್ಟು ಉದುರಿಸಿ ಬಾಣಲೆ ಎಗರಿಸಿದನೆಂದರೆ ಎದುರಿನ ಹೋಟೆಲಿನಲ್ಲಿ ಕೂತವರೂ ಎದ್ದು ಬರುತ್ತಿದ್ದರು. ಆ ಹೋಟೆಲು ನಮ್ಮ ಇತಿಹಾಸದ ಮೇಷ್ಟ್ರ ಭಾವಮೈದನದು.

ಆ ಬಿಳಿ ಪುಡಿಯೇ ಟೇಸ್ಟಿಂಗ್ ಪೌಡರ್. ಮೋನೋಸೋಡಿಯಂ ಗ್ಲುಟಮೇಟ್ ಎಂದು ಅದರ ಪೂರ್ತಿ ಹೆಸರು ಹೇಳುತ್ತಿದ್ದವರು ಊರಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರೊಬ್ಬರೇ. ಉಳಿದವರು ಚೀನಾ ಪುಡಿ ಎನ್ನುತ್ತಿದ್ದರು. ಅದನ್ನು ಮೂಳೆ ಅರೆದು ಮಾಡುತ್ತಾರಂತೆ, ತಿಂದರೆ ತಲೆ ಸಿಡಿಯುತ್ತದಂತೆ, ಗಂಡಸರಿಗೆ ಮಕ್ಕಳಾಗುವುದಿಲ್ಲವಂತೆ. ಸ್ಟಾಫ್ ರೂಮಿನಲ್ಲಿ ಈ ಅಂತೆಗಳನ್ನು ಹೆಚ್ಚು ಹಂಚುತ್ತಿದ್ದವರು ಇತಿಹಾಸದವರು. ನಾಲ್ಕು ತುಂಡು ತಿಂದರೆ ಸಾಕು, ಹಣೆ ಹಿಡಿದುಕೊಂಡು ಮಲಗಬೇಕು ಎನ್ನುತ್ತಿದ್ದರು.

ಕೆಮಿಸ್ಟ್ರಿಯವರಿಗೆ ಅಷ್ಟು ಸಾಕಾಯಿತು. ಮೈಸೂರಿನಲ್ಲಿ ಜೊತೆಗೆ ಓದಿದವರೊಬ್ಬರಿಗೆ ಬರೆದು, ಈ ವಿಷಯದ ಸಂಶೋಧನಾ ಲೇಖನಗಳ ಜೆರಾಕ್ಸು ತರಿಸಿಕೊಂಡರು. ಬಸ್ಸಿನ ಪಾರ್ಸೆಲ್ಲಿನಲ್ಲಿ ಕಟ್ಟುಗಟ್ಟಲೆ ಬಂತು. ಸಂಜೆ ಪಾವಗಡ ರಸ್ತೆಯಲ್ಲಿ ನಾವಿಬ್ಬರೂ ನಡೆಯುವಾಗ ಅದೇ ಮಾತು. ಎಣ್ಣೆ ಮಿಲ್ಲುಗಳ ಹಿಂಡಿ ವಾಸನೆ ಕುಡಿಯುತ್ತಾ ನಾನು ಗ್ಲುಟಮೇಟಿನ ಪುರಾಣ ಕೇಳಬೇಕಾಯಿತು. ಕಬ್ಬಿನ ಕಾಕಂಬಿಯನ್ನು ಹುದುಗಿಸಿ ಮಾಡುತ್ತಾರೆ, ಮೂಳೆಗೂ ಅದಕ್ಕೂ ಸಂಬಂಧವಿಲ್ಲ. ಟೊಮೆಟೋದಲ್ಲಿ ತಾನಾಗಿಯೇ ಇರುತ್ತದೆ. ತಾಯಿಯ ಹಾಲಿನಲ್ಲಿ ಇರುತ್ತದೆ. ಗಲಾಟೆ ಶುರುವಾದದ್ದು ಅಮೆರಿಕದಲ್ಲಿದ್ದ ವೈದ್ಯರೊಬ್ಬರು ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆ ಜೋಮು ಹಿಡಿಯಿತು, ಯಾಕಿರಬಹುದು ಎಂದು ವೈದ್ಯಕೀಯ ಪತ್ರಿಕೆಗೆ ಬರೆದದ್ದರಿಂದ.

"ಅವರು ಕೇಳಿದ್ದು ಪ್ರಶ್ನೆ ಸಾರ್. ಜನ ಅದನ್ನೇ ಉತ್ರ ಮಾಡ್ಕೊಂಡ್ರು. ಆಮೇಲೆ ಆಗ ತಾನೇ ಹುಟ್ಟಿದ ಇಲಿಮರಿಗಳ ಚರ್ಮದೊಳಗೆ ಸೂಜೀಲಿ ರಾಶಿ ರಾಶಿ ತುಂಬಿದ್ರು. ಮೆದುಳಿಗೆ ಪೆಟ್ಟಾಯ್ತು. ಸರಿ, ಆಯ್ತು. ಗೋಬಿನ ಸೂಜೀಲಿ ಚುಚ್ಕೊಂಡು ತಿಂತಾರಾ ಯಾರಾದ್ರೂ?"

"ಹಂಗಾದ್ರೆ ಏನೂ ಆಗಲ್ವಾ?" ಎಂದೆ.

"ಹಂಗೂ ಹೇಳೋಕಾಗಲ್ಲ. ಬರೀ ಹೊಟ್ಟೇಲಿ, ಊಟ ಇಲ್ದೆ ಜಾಸ್ತಿ ಕೊಟ್ರೆ ಕೆಲವರಿಗೆ ಸ್ವಲ್ಪ ಹೊತ್ತು ಏನೋ ಒಂಥರಾ ಆಗೈತೆ. ಅದೇ ಜನಕ್ಕೆ ಇನ್ನೊಂದಿನ ಕೊಟ್ರೆ ಆಗಿಲ್ಲ. ಯಾವುದು ಪುಡಿ, ಯಾವುದು ಅಲ್ಲ ಅಂತ ಕೊಡೋನಿಗೂ ತಿನ್ನೋನಿಗೂ ಗೊತ್ತಿಲ್ದಂಗೆ ಕೊಟ್ಟಾಗ, ನಂಗೆ ಆಗಲ್ಲ ಅಂತ ಹೇಳ್ಕೊಂಡು ಬಂದೋರೂ ಗುರುತು ಹಿಡಿಯೋಕಾಗಿಲ್ಲ."

ಇದನ್ನು ಲೇಖನದಲ್ಲಿ ಓದಿ ಸುಮ್ಮನಿದ್ದಿದ್ದರೆ ಅವರು ಚಳ್ಳಕೆರೆಯಲ್ಲೇ ನಿವೃತ್ತರಾಗುತ್ತಿದ್ದರು. ನಮ್ಮಲ್ಲೇ ಮಾಡಿ ನೋಡೋಣ ಎಂದು ಹೊರಟರು. ಶುಂಠಿ, ಮೆಣಸು ಜಜ್ಜಿ ಹಾಕಿದ ನಿಂಬೆ ಶರಬತ್ತು. ಪುಡಿ ಇದ್ದರೂ ನಾಲಿಗೆಗೆ ಸಿಗದಷ್ಟು ಖಾರ, ಹುಳಿ. ಕೆಲವು ಲೋಟಗಳಲ್ಲಿ ಪುಡಿ, ಕೆಲವುದರಲ್ಲಿ ಬರೀ ಶರಬತ್ತು. ಬೆರೆಸುವ ಕೆಲಸ ನನ್ನದು. ಅವರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಗೋಡೆ ಕಡೆ ಮುಖ ಮಾಡಿ ನಿಂತರು.

"ನಂಗೂ ಗೊತ್ತಾಗ್ಬಾರ್ದು ಸಾರ್. ಗೊತ್ತಿದ್ರೆ ನನ್ನ ಮುಖಾನೇ ಹೇಳ್ಬಿಡ್ತೈತೆ" ಎಂದರು.

ಮೊದಲ ಸಲ ಎಲ್ಲ ಕೆಟ್ಟುಹೋಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ರೂಢಿ ಇತ್ತು. ಯಾರೂ ತಮ್ಮ ಡಬ್ಬಿಯನ್ನು ತಾವೇ ತಿನ್ನುವುದಿಲ್ಲ. ಒಬ್ಬರ ಪಲ್ಯ ಇನ್ನೊಬ್ಬರ ಮುಚ್ಚಳಕ್ಕೆ ಹೋಗಲೇಬೇಕು, ಕೊಡದೆ ತಿಂದವರನ್ನು ಜಿಪುಣರೆಂದು ಆಡಿಕೊಳ್ಳುತ್ತಿದ್ದರು. ಲೋಟ ಕೈಗೆ ಬಂದದ್ದೇ ಸಮಾಜಶಾಸ್ತ್ರದ ಮೇಡಂ, "ನಂದು ಸಿಹಿ ಕಮ್ಮಿ ಐತೆ, ನಿಮ್ದು ನೋಡಾಣ" ಎಂದು ಪಕ್ಕದವರ ಲೋಟಕ್ಕೆ ಬಗ್ಗಿಸಿದರು. ಅವರು ಇನ್ನೊಬ್ಬರಿಗೆ ಬಗ್ಗಿಸಿದರು. ಗುಮಾಸ್ತರು ಎಲ್ಲರದ್ದರಲ್ಲೂ ಒಂದೊಂದು ಗುಟುಕು ಹೀರಿ ತೀರ್ಪು ಕೊಟ್ಟರು. ಬೇವಿನ ಮರದಿಂದ ಬಂದವರು ಬಾಗಿಲಲ್ಲೇ ನಿಂತು ನೋಡಿದರು. ತೆಲುಗಿನಲ್ಲಿ ಏನೋ ಬೈದರು. ಆಮೇಲೆ ಕನ್ನಡಕ್ಕೆ ಬಂದು, "ಇಡೀ ಪ್ರಯೋಗಾನೇ ಕಲಸಿ ಪಂಚಾಮೃತ ಮಾಡಿದ್ರಲ್ರೀ" ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು. ಆ ಕಾಲೇಜಿನಲ್ಲಿ ಅವರು ಎಲ್ಲರ ಜೊತೆ ಸೇರಿ ನಕ್ಕದ್ದು ಅದೊಂದೇ ಸಲ ಇರಬೇಕು.

ಎರಡನೇ ಸಲ ಪರೀಕ್ಷೆಯ ಹಾಗೆ ಬೆಂಚು ಬಿಟ್ಟು ಬೆಂಚು ಕೂರಿಸಿದರು. ಮಾತಿಲ್ಲ, ಕತೆಯಿಲ್ಲ. ಕುಡಿದು ಸ್ವಲ್ಪ ಹೊತ್ತಾಗಿತ್ತು, ಇತಿಹಾಸದವರು ಹಣೆ ಒತ್ತಿಕೊಳ್ಳತೊಡಗಿದರು. ಆಮೇಲೆ ಬೆಂಚಿನ ಮೇಲೇ ಒರಗಿದರು. ಅಟೆಂಡರು ಓಡಿಹೋಗಿ ಅಮೃತಾಂಜನ ತಂದ. ಗಂಟೆ ಕಳೆದ ಮೇಲೆ ನಾನು ಯಾರ ಲೋಟದಲ್ಲಿ ಏನಿತ್ತೆಂದು ಓದಿದೆ. ಇತಿಹಾಸದವರದು ಬರೀ ಶರಬತ್ತು. ಪುಡಿ ಕುಡಿದವರಲ್ಲಿ ಒಬ್ಬರಿಗೆ ಕುತ್ತಿಗೆ ಬಿಸಿಯಾದಂತಾಗಿತ್ತು, ಮಿಕ್ಕವರಿಗೆ ಏನೂ ಇಲ್ಲ. ಕೆಮಿಸ್ಟ್ರಿಯವರು ಮೊದಲು, "ಕುತ್ತಿಗೆ ಬಿಸಿ ಆಗಿದ್ದನ್ನೂ ಲೆಕ್ಕಕ್ಕೆ ತಗೋಬೇಕು" ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆಂಚಿನ ಮೇಲೆ ಮಲಗಿದ್ದ ಮನುಷ್ಯನ ಅಂಗಿಯ ಗುಂಡಿ ನೋಡುತ್ತಾ, ಎಲ್ಲರೆದುರು, "ಸಾರ್, ನಿಮ್ಮ ತಲೆನೋವು ನಿಜ. ಕಾರಣ ಮಾತ್ರ ಸುಳ್ಳು" ಎಂದುಬಿಟ್ಟರು.

ಅವರ ಮಟ್ಟಿಗೆ ಅದು ಸಮಾಧಾನದ ಮಾತು. ನೀವು ಸುಳ್ಳು ಹೇಳುತ್ತಿಲ್ಲ, ನೋವು ನಿಜವೇ ಎಂದು ಹೇಳಿದ್ದರು. ಆದರೆ ಕೇಳಿದವರು ಹೊಟ್ಟೆ ಹಿಡಿದು ನಕ್ಕರು. ಇತಿಹಾಸದವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಆವತ್ತಿನಿಂದ ಅವರು ಆ ನಗುವನ್ನು ಮರೆತವರಲ್ಲ.

ಈ ಸುದ್ದಿ ಹೇಗೋ ಹಬ್ಬಿ, ಮಸಾಲೆ ಪುಡಿ ಮಾರುವ ಏಜೆಂಟನೊಬ್ಬ ಅವರ ಮನೆಗೆ ಬಂದ. ಈ ಪುಡಿಯಿಂದ ಅಪಾಯವಿಲ್ಲ ಎಂದು ಒಂದು ಸಾಲು ಬರೆದು ಸಹಿ ಹಾಕಿ ಕೊಡಿ ಸಾರ್ ಎಂದ. ಇವರು ಸಂತೋಷದಿಂದಲೇ ಕೂತರು. ಒಂದು ಸಾಲು ಮುಕ್ಕಾಲು ಪುಟವಾಯಿತು. ಸಾಮಾನ್ಯ ಪ್ರಮಾಣದಲ್ಲಿ ಅಪಾಯ ಕಂಡುಬಂದಿಲ್ಲ, ಆದರೆ ಇದರಲ್ಲೂ ಸೋಡಿಯಂ ಇದೆ, ಹಳಸಿದ ಪದಾರ್ಥಕ್ಕೂ ಇದು ರುಚಿ ಕೊಡುವುದರಿಂದ ಮಾರುವವರು ದುರುಪಯೋಗ ಮಾಡಬಹುದು, ಅಪಾಯವಿಲ್ಲ ಎಂದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ. ಏಜೆಂಟ ಓದಿ, ಕಾಗದ ಮಡಚಿ ಟೀಪಾಯಿಯ ಮೇಲೇ ಇಟ್ಟು, ಕಾಫಿಯನ್ನೂ ಮುಗಿಸದೆ ಹೊರಟ. ನಾನು ನಗುತ್ತಾ, "ಒಂದು ಸಾಲಿಗೆ ನಿಲ್ಲಿಸೋಕೆ ಬರಲ್ವಾ ನಿಮಗೆ?" ಎಂದೆ. "ಒಂದು ಸಾಲು ಬರೆದ್ರೆ ಅದು ಅರ್ಧ ಸುಳ್ಳಾಗ್ತೈತೆ ಸಾರ್" ಎಂದರು. ಈ ಗುಣ ಯಾರಿಗಾದರೂ ತಟ್ಟಿಯೇ ತಟ್ಟುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ.

ತಟ್ಟಿದ್ದು ದಾದಾಪೀರನಿಗೆ. ಮುಂದಿನ ಬೇಸಿಗೆಯಲ್ಲಿ ಅವನ ಗಾಡಿಯಲ್ಲಿ ತಿಂದ ನಾಲ್ಕು ಹುಡುಗರಿಗೆ ವಾಂತಿ ಭೇದಿಯಾಯಿತು. ಹುಡುಗರು ಎರಡು ದಿನಕ್ಕೆ ಎದ್ದು ಓಡಾಡಿದರು, ಸುದ್ದಿ ಮಾತ್ರ ಮಲಗಲಿಲ್ಲ. ಚೀನಾ ಪುಡಿ, ಅದನ್ನು ಹಾಕುವವನು ಯಾರು, ಅವನ ಜನ ಯಾರು ಎಂದೆಲ್ಲ ಮಾತು ಬೇರೆ ಕಡೆಗೂ ಹೊರಳತೊಡಗಿತು. ಗಾಡಿಗಳನ್ನು ಎತ್ತಿಸಬೇಕೆಂದು ಹೋಟೆಲಿನವರು ಪುರಸಭೆಗೆ ಅರ್ಜಿ ಕೊಟ್ಟರು. ಊರಿನ ಹಿರಿಯರನ್ನು, ಗಾಡಿಯವರನ್ನು ಕರೆದು ಸಭೆ ಮಾಡುವುದೆಂದು ಆಯಿತು. ಹಿಂದಿನ ಸಂಜೆ ದಾದಾಪೀರ್ ಇವರ ಮನೆಗೆ ಬಂದ. ನಾನೂ ಅಲ್ಲಿದ್ದೆ. ಒಳಗೆ ಬನ್ನಿ ಎಂದರೂ ಬರದೆ ಹೊಸ್ತಿಲ ಹೊರಗೇ ನಿಂತ.

"ಸಾರ್, ಗಾಡಿ ಎತ್ತಿಸಿದ್ರೆ ನಾನು ಮುಗ್ದೆ. ಗ್ಯಾರೇಜಿಗೆ ವಾಪಸ್ ಹೋಗಾಕೆ ಬೆನ್ನಿಲ್ಲ. ಮನ್ಯಾಗೆ ಅಮ್ಮಿ, ಹೆಂಡ್ತಿ, ಮೂರು ಹುಡುಗ್ರು. ಪುಡಿ ವಿಷ ಅಲ್ಲ ಅಂತ ನೀವು ಓದಿದೋರು ಒಂದ್ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾರೆ."

"ಹೇಳ್ತೀನಪ್ಪ. ಅದು ವಿಷ ಅಲ್ಲ, ಅದನ್ನ ಹೇಳೇ ಹೇಳ್ತೀನಿ" ಎಂದರು. ಆಮೇಲೆ, "ಆದ್ರೆ ಆ ಎಣ್ಣೆ ಬದಲಾಯಿಸೋ ಮಾರಾಯ. ಆ ಕೆಂಪು ಬಣ್ಣಾನೂ ಬಿಡು" ಎಂದರು.

"ಕೆಂಪಿಲ್ಲ ಅಂದ್ರೆ ಯಾರೂ ತಿನ್ನಲ್ಲ ಸಾರ್" ಎಂದ ಅವನು. ಕೈ ಮುಗಿದು ಹೋದ.

ಸಭೆಯಲ್ಲಿ ಅವರು ಬಹಳ ಚೆನ್ನಾಗಿ ಮಾತಾಡಿದರು. ಮುಖ ಎತ್ತಿ, ಜನರನ್ನು ನೋಡಿಕೊಂಡು. ಟೊಮೆಟೋ ಹೇಳಿದರು, ತಾಯಿಯ ಹಾಲು ಹೇಳಿದರು, ಇಲಿಮರಿ ಹೇಳಿದರು. ನಮ್ಮ ಶರಬತ್ತಿನ ಕತೆಯನ್ನೂ ಯಾರ ಹೆಸರೂ ಎತ್ತದೆ ಹೇಳಿದರು. ಹಿಂದಿನ ಸಾಲಿನಲ್ಲಿ ಗಾಡಿಯವರ ಜೊತೆ ಕೂತಿದ್ದ ದಾದಾಪೀರನ ಮುಖ ಸ್ವಲ್ಪ ಸ್ವಲ್ಪವೇ ಅರಳುತ್ತಿದ್ದುದನ್ನು ನಾನು ನೋಡಿದೆ. ಆಗ ಇತಿಹಾಸದವರ ಭಾವಮೈದ ಎದ್ದು, "ಅಷ್ಟು ಧೈರ್ಯ ಇದ್ರೆ ನೀವೇ ತಿನ್ರಿ ನೋಡಾಣ" ಎಂದು ಒಂದು ಪೊಟ್ಟಣ ಮೇಜಿನ ಮೇಲೆ ಹಾಕಿದ.

ಇವರಿಗೆ ಆ ಪುಡಿಯ ರುಚಿಯೇ ಸೇರುತ್ತಿರಲಿಲ್ಲ. ಗೋಬಿಯನ್ನು ಒಂದು ದಿನವೂ ಬಾಯಿಗಿಟ್ಟವರಲ್ಲ. ಪೊಟ್ಟಣ ನೋಡಿ, "ತಿಂತೀನಿ. ಆದ್ರೆ ಇದು ಪ್ರಯೋಗ ಅಲ್ಲ, ಸರ್ಕಸ್ಸು. ನಾನು ತಿಂದು ಬದುಕಿದ್ರೆ ಅದು ಪ್ರಮಾಣ ಅಲ್ಲ, ಸತ್ರೂ ಪ್ರಮಾಣ ಅಲ್ಲ. ಇದನ್ನ ನೆನಪಿಟ್ಕೊಳ್ರಿ" ಎಂದರು. ಒಂದು ಚಮಚ ಬಾಯಿಗೆ ಹಾಕಿ ನೀರು ಕುಡಿದರು. ಮುಖ ಹುಳ್ಳಗೆ ಮಾಡಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು.

ಅಲ್ಲಿಗೆ ಕೂತುಬಿಟ್ಟಿದ್ದರೆ ಗಾಡಿ ಉಳಿಯುತ್ತಿತ್ತು. ಅಧ್ಯಕ್ಷರು, "ಹಂಗಾದ್ರೆ ಹುಡುಗ್ರಿಗೆ ವಾಂತಿ ಯಾಕಾಯ್ತು ಮೇಷ್ಟ್ರೇ?" ಎಂದರು. ಗೊತ್ತಿಲ್ಲ ಎನ್ನಬಹುದಿತ್ತು. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಇವರು ಜೇಬಿಗೆ ಕೈ ಹಾಕಿ ಒಂದು ಎಳೆ ಕುರಿಯುಣ್ಣೆ ತೆಗೆದರು. ಕಂಬಳಿ ನೇಯುವವರ ಮನೆಯಿಂದ ತಂದ ಬಿಳಿ ಉಣ್ಣೆ, ಈಗ ಕುಂಕುಮದ ಬಣ್ಣಕ್ಕೆ ತಿರುಗಿತ್ತು.

"ಅವನ ಗೋಬಿ ತೊಳೆದ ನೀರಿಗೆ ಚೂರು ಆಸಿಡ್ ಹಾಕಿ, ಇದನ್ನ ಅದರಾಗೆ ಕುದಿಸಿದೆ. ತೊಳೆದ್ರೂ ಬಣ್ಣ ಹೋಗಿಲ್ಲ. ಅಂದ್ರೆ ಇದು ಮೆಣಸಿನಕಾಯಿ ಕೆಂಪಲ್ಲ, ಕಾರ್ಖಾನೆ ಬಣ್ಣ. ತಿನ್ನೋ ಬಣ್ಣವೋ ಬಟ್ಟೆ ಬಣ್ಣವೋ, ಅದನ್ನ ಇದು ಹೇಳಲ್ಲ. ಎಣ್ಣೆನೂ ನೋಡಿದೀನಿ. ಅದೇ ಎಣ್ಣೆ ದಿನಗಟ್ಟಲೆ ಕಾಯಿಸ್ತಾರೆ. ನಾನು ಅನುಮಾನ ಪಡೋದಾದ್ರೆ ಅದನ್ನ ಪಡ್ತೀನಿ. ಹೋಟ್ಲು ಬಾಣಲೆಗಳೂ ಇದಕ್ಕೆ ಕಮ್ಮಿ ಇಲ್ಲ."

ಕೊನೆಯ ವಾಕ್ಯ ಯಾರ ಕಿವಿಗೂ ಬೀಳಲಿಲ್ಲ. ಎಣ್ಣೆ ಮಿಲ್ಲುಗಳ ಊರಿನಲ್ಲಿ ಕೆಟ್ಟ ಎಣ್ಣೆ ಎಂದರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಉಣ್ಣೆಯ ಎಳೆ ಕೈಯಿಂದ ಕೈಗೆ ಹೋಯಿತು. ಹಿಂದಿನ ಸಾಲಿನಲ್ಲಿ ದಾದಾಪೀರ್ ತಲೆ ಎತ್ತಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಗೋಬಿಯಲ್ಲಿ ಬಟ್ಟೆಯ ಬಣ್ಣ ಎಂದು ಬಂತು, ಜೊತೆಗೆ ವಿಷಕಾರಿ ಚೀನಾ ಪುಡಿ ಎಂದೂ ಬಂತು. ಅವರು ಹೇಳಿದ್ದರಲ್ಲಿ ಬೇಕಾದ್ದನ್ನು ಇಟ್ಟುಕೊಂಡು, ಅಲ್ಲವೆಂದಿದ್ದನ್ನೂ ಅವರ ಬಾಯಲ್ಲೇ ಹೇಳಿಸಿದ್ದರು. ಗಾಡಿ ವಾರದೊಳಗೆ ಹೋಯಿತು. ಹೋಟೆಲಿನ ಬಾಣಲೆ ಅಲ್ಲೇ ಇತ್ತು.

ಇವತ್ತಿಗೂ ಆ ಉಣ್ಣೆಯ ವಿಷಯಕ್ಕೆ ನನಗೆ ಅವರ ಮೇಲೆ ಸಿಟ್ಟಿದೆ. ಗಾಡಿ ಹೋದ ಮೇಲೆ ಪಾವಗಡ ರಸ್ತೆಯಲ್ಲಿ ಅವರನ್ನು ನಿಲ್ಲಿಸಿ ಕೇಳಿದೆ, "ಅದನ್ನ ಯಾಕ್ರೀ ಜೇಬಲ್ಲಿಟ್ಕೊಂಡು ಹೋದ್ರಿ? ಅವನು ನಿಮ್ಮನ್ನ ನಂಬಿ ಬಂದಿದ್ದ."

"ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ" ಎಂದರು.

"ಕೇಳಿದ್ರೆ ಹೇಳ್ಲೇಬೇಕಿತ್ತಾ?"

ಅವರು ನನ್ನ ಗುಂಡಿ ನೋಡಿದರು. "ಹುಡುಗ್ರು ಮತ್ತೆ ತಿಂತಿದ್ರು ಸಾರ್, ಅದೇ ಎಣ್ಣೇಲಿ" ಎಂದರು. ಅದೂ ಸರಿಯೇ. ಸಿಟ್ಟು ಮಾತ್ರ ಹಾಗೇ ಉಳಿಯಿತು.

ಆ ವರ್ಷವೇ ಅವರಿಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಇತಿಹಾಸದವರು ಯಾರ್ಯಾರ ಬಾಗಿಲು ತಟ್ಟಿದ್ದರೆಂಬುದು ಎಲ್ಲರಿಗೂ ಗೊತ್ತಿತ್ತು. ನಿಮ್ಮ ಊರಿನ ಕಡೆಗೇ ಕಳಿಸಿ ಶಿಕ್ಷೆ ಕೊಟ್ಟರಲ್ಲ ಎಂದು ನಾನು ತಮಾಷೆ ಮಾಡಿದೆ. ಬೀಳ್ಕೊಡುಗೆ ಸಮಾರಂಭದಲ್ಲಿ ಹಾರ ಹಾಕಿ ಹೊಗಳಿದವರಲ್ಲಿ ಇತಿಹಾಸದವರೇ ಮೊದಲಿಗರು. ಇವರ ವೈಜ್ಞಾನಿಕ ಮ‌ನೋಭಾವ ನಮಗೆಲ್ಲ ಮಾದರಿ ಎಂದರು.

ನಾಲ್ಕು ವರ್ಷದ ನಂತರ ಪರೀಕ್ಷೆಯ ಕೆಲಸಕ್ಕೆಂದು ನಾನು ಮೊಳಕಾಲ್ಮೂರಿಗೆ ಹೋದೆ. ಸಂಜೆ ಅವರು ನನ್ನನ್ನು ಬಸ್ ಸ್ಟ್ಯಾಂಡಿನ ಕಡೆ ಕರೆದುಕೊಂಡು ಹೋದರು. ಅಲ್ಲಿ ದಾದಾಪೀರ್ ಇದ್ದ, ಚಳ್ಳಕೆರೆ ಬಿಟ್ಟು ಇಲ್ಲಿಗೆ ಬಂದಿದ್ದನಂತೆ. ಹೊಸ ಗಾಡಿ, ಸುತ್ತ ಜನ. ಗಾಡಿಯ ಮೇಲೆ ಹಸಿರು ಅಕ್ಷರದ ದೊಡ್ಡ ಬೋರ್ಡು: ನಮ್ಮಲ್ಲಿ ಟೇಸ್ಟಿಂಗ್ ಪೌಡರ್ ಬಳಸುವುದಿಲ್ಲ.

ಇವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಜನ ಕಡಿಮೆಯಾಗುವವರೆಗೂ ಕಾದು, "ದಾದಾ, ಬೋರ್ಡು ಸುಳ್ಳಲ್ವೇನಪ್ಪ?" ಎಂದರು.

"ಹೌದು ಸಾರ್."

"ಮತ್ತೆ ಆ ಕೆಂಪು ಬಣ್ಣ?"

"ಅದಕ್ಕೆ ಯಾರೂ ಬೋರ್ಡು ಕೇಳಲ್ಲ ಸಾರ್." ಅವನು ಎಲೆಕೋಸು ಹೆಚ್ಚುತ್ತಲೇ ಇದ್ದ. "ನೀವು ನಿಜ ಹೇಳಿದ್ರಿ, ಗಾಡಿ ಹೋಯ್ತು. ಪೇಂಟರು ಸುಳ್ಳು ಬರ್ದ, ಗಾಡಿ ನಡೀತೈತೆ. ನಾನು ಯಾರ್ ಮಾತು ಕೇಳ್ಬೇಕು, ನೀವೇ ಹೇಳ್ರಿ."

ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಯಾವಾಗಲೂ ಪ್ರಶ್ನೆ ಕೇಳುತ್ತಿದ್ದವರು ಮನೆ ಕಡೆ ತಿರುಗಿದರು. ಮನೆ ಹತ್ತಿರ ಬಂದ ಮೇಲೆ, "ಎಣ್ಣೆ ನೋಡಿದ್ರಾ ಸಾರ್? ಹೊಸ ಎಣ್ಣೆ. ದಿನಾ ಬದಲಾಯಿಸ್ತಾನೆ, ನಾನು ಬಂದು ನೋಡ್ತಿರ್ತೀನಿ" ಎಂದರು. ಅಷ್ಟು ಹೇಳುವಾಗ ಅವರ ಮುಖ ಸಣ್ಣ ಹುಡುಗನ ಮುಖದಂತೆ ಆಗಿತ್ತು. ನಾನು ಹೌದು ಸಾರ್, ನೋಡಿದೆ ಎಂದೆ.

ಅದಾದ ಎರಡನೇ ವರ್ಷ ಇತಿಹಾಸದವರ ಫೋನು. ನಾನು ಹೋಗುವ ಹೊತ್ತಿಗೆ ಮನೆ ಮುಂದೆ ಜನ ಸೇರಿದ್ದರು. ಅವರ ತಂದೆಯೂ ಅಣ್ಣನೂ ಇದೇ ವಯಸ್ಸಿನಲ್ಲಿ ಇದೇ ಥರ ಎದೆ ಹಿಡಿದುಕೊಂಡು ಹೋದವರು. ಬಿ.ಪಿ. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದರು. ಇದೆಲ್ಲ ಅಲ್ಲಿದ್ದ ಬಂಧುಗಳಿಗೆ ಗೊತ್ತಿತ್ತು. ಆದರೂ ಜಗಲಿಯ ಮೇಲೆ, ಬೇವಿನ ಕೆಳಗೆ, ಎಲ್ಲಿ ನಿಂತರೂ ಪುಡಿಯದೇ ಮಾತು. ಚಳ್ಳಕೆರೆಯಿಂದ ಬಂದವರು ಸಭೆಯ ಕತೆಯನ್ನು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಿದ್ದರು. ಒಂದು ಚಮಚ ಆಗಲೇ ಒಂದು ಹಿಡಿಯಾಗಿತ್ತು. ಸತ್ತರೂ ಪ್ರಮಾಣ ಅಲ್ಲ ಎಂದಿದ್ದನ್ನು ಒಬ್ಬರೂ ನೆನಪಿಟ್ಟುಕೊಂಡಿರಲಿಲ್ಲ.

ಅವರ ಹೆಂಡತಿ ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡು, "ನಿಜ ಹೇಳ್ರಿ ಸಾರ್. ಅದರಿಂದ ಏನೂ ಆಗಿರಲ್ಲ ಅಲ್ವಾ?" ಎಂದರು.

"ಇಲ್ಲಮ್ಮ, ಅದರಿಂದ ಅಲ್ಲ" ಎಂದೆ.

"ಅವರೂ ಹಂಗೇ ಅಂತಿದ್ರು" ಎಂದರು. ನನ್ನ ಮಾತನ್ನು ಅವರು ನಂಬಲಿಲ್ಲ. ಮೂವತ್ತು ವರ್ಷ ಜೊತೆಗಿದ್ದವರೇ ನಂಬಲಿಲ್ಲವೆಂದ ಮೇಲೆ ಊರನ್ನು ಯಾಕೆ ಬೈಯಬೇಕು ಎನಿಸಿತು. ಆದರೂ ಬೈದೆ, ಮನಸ್ಸಿನಲ್ಲೇ, ಒಬ್ಬೊಬ್ಬರನ್ನೂ ಹೆಸರು ಹಿಡಿದು. ದಾದಾಪೀರ್ ಬೀದಿಯ ಆ ಬದಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮಣ್ಣು ಮಾಡುವಾಗ ಎಲ್ಲರೂ ಹಾಕಿದ ಮೇಲೆ ಬಂದು ತಾನೂ ಒಂದು ಹಿಡಿ ಹಾಕಿ ಹೋದ.

ಹನ್ನೊಂದನೆಯ ದಿನದ ಊಟಕ್ಕೆ ಹೋದವನು ಉಣ್ಣಲಾರದೆ ಎದ್ದುಬಂದು ಸಂಜೆಯ ಬಸ್ಸಿಗೆ ಕಾಯುತ್ತಿದ್ದೆ. ಹಸಿವಾಗಿತ್ತು. ದಾದಾಪೀರನ ಗಾಡಿಯ ಹತ್ತಿರ ಹೋದೆ. ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ನಿಂತಿದ್ದಳು. ಬೋರ್ಡು ನೋಡಿ, "ಅಣ್ಣಾ, ನಿಜವಾಗ್ಲೂ ಆ ಪುಡಿ ಹಾಕಲ್ವಾ?" ಎಂದಳು.

"ಇಲ್ಲಕ್ಕಾ. ಇಲ್ಲೇ ಕಾಲೇಜಿನಾಗೆ ದೊಡ್ಡ ಮೇಷ್ಟ್ರೊಬ್ರಿದ್ರು, ಭಾಳ ಓದಿದೋರು. ಅದನ್ನ ತಿಂದೇ ಮೊನ್ನೆ ಹೋದ್ರು. ಅಂಥೋರ್ನೇ ಬಿಡ್ಲಿಲ್ಲ ಅಂದ್ಮ್ಯಾಲೆ ನಾವ್ಯಾಕೆ ಮುಟ್ಟಾಣ" ಎಂದ.

ಹೆಂಗಸು ತ್ಚು ತ್ಚು ಎಂದು ಎರಡು ಪ್ಲೇಟು ಹೇಳಿದಳು. ಆಗ ಅವನು ನನ್ನನ್ನು ನೋಡಿದ. ಸಟುಗ ಹಿಡಿದ ಕೈ ನಿಂತಿತು. ಅವರು ತಿಂದು ಹೋಗುವವರೆಗೂ ನನ್ನ ಕಡೆ ತಿರುಗಲಿಲ್ಲ.

"ಏನ್ ಮಾಡ್ಲಿ ಸಾರ್" ಎಂದ ಆಮೇಲೆ. "ಇದ್ದಾಗ ನನ್ ಗಾಡಿ ಕಳುದ್ರು. ಹೋದ್ಮ್ಯಾಲಾದ್ರೂ ನಡಸ್ಲಿ ಬಿಡ್ರಿ." ಬಾಣಲೆ ಒರೆಸುತ್ತಾ, "ದಿನಾ ಅವರಿಗೆ ದುವಾ ಮಾಡ್ತೀನಿ ಸಾರ್, ಅಲ್ಲಾನಾಣೆ" ಎಂದ. ಎರಡೂ ನಿಜವೇ ಇರಬೇಕು.

ಕೇಳದೆಯೇ ನನಗೊಂದು ಪ್ಲೇಟು ಮಾಡಿದ. ಎಣ್ಣೆ ಮಾತ್ರ ಹೊಸದೇ ಇತ್ತು. ಕೊನೆಯಲ್ಲಿ ಬಗ್ಗಿ, ಗಾಡಿಯ ಕೆಳಗಿನ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಉದುರಿಸಿ ಬಾಣಲೆ ಎಗರಿಸಿದ. ನಾನು ಪೂರ್ತಿ ತಿಂದೆ. ರುಚಿಯಾಗಿತ್ತು. ಬಸ್ಸು ಹತ್ತಿ ಕಿಟಕಿಗೆ ಒರಗಿ ಕೂತೆ. ತಲೆನೋವಾದರೂ ಬರಲಿ ಎಂದು ದಾರಿಯ ನಡುವಿನ ತಳಕು ಊರು ದಾಟುವವರೆಗೂ ಕಾದೆ. ಬರಲಿಲ್ಲ.